ಆಷಾಢದ ಸೇಲ್‌ಗೆ ಹೊರಡುವ ಮುಂಚೆ: ಬೆಂಗಳೂರಿನಲ್ಲಿ ಬಟ್ಟೆ ಕೊಳ್ಳುವವರಿಗೆ

ಆಷಾಢ ಬಂತು ಅಂದರೆ ಬೆಂಗಳೂರಿನ ಬಟ್ಟೆ ಅಂಗಡಿಗಳ ಮೇಲೆ ಬ್ಯಾನರ್ ಏಳುತ್ತವೆ. ಶೇ 20 ರಿಯಾಯಿತಿ, ಶೇ 50 ರಿಯಾಯಿತಿ, ಎರಡು ಕೊಂಡರೆ ಒಂದು ಉಚಿತ. ಕಾರಣ ನಮಗೆಲ್ಲ ಗೊತ್ತಿರುವುದೇ. ಈ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಅಂಗಡಿಗೆ ಗಿರಾಕಿಯೂ ಕಡಿಮೆ. ತಿಂಗಳು ಕಳೆಯಿತೋ, ವರಮಹಾಲಕ್ಷ್ಮಿ, ಗೌರಿ, ದಸರಾ, ದೀಪಾವಳಿ ಒಂದರ ಹಿಂದೆ ಒಂದು ಬರುತ್ತವೆ. ಹೊಸ ಮಾಲಿಗೆ ಜಾಗ ಬೇಕು, ದುಡ್ಡೂ ಬೇಕು. ಹಾಗಾಗಿ ಇದ್ದದ್ದನ್ನು ಖಾಲಿ ಮಾಡುತ್ತಾರೆ. ಮಾಲ್‌ಗಳ ಬ್ರ್ಯಾಂಡ್ ಅಂಗಡಿಗಳ ಸೀಸನ್ ಸೇಲ್ ಕೂಡ ಜುಲೈ ಹೊತ್ತಿಗೇ ಬರುವುದರಿಂದ ಊರಿಗೆ ಊರೇ ಸೇಲ್ ಆಗಿರುತ್ತದೆ.

ಅಮ್ಮನ ಜೊತೆ ವರ್ಷ ವರ್ಷ ಈ ಸೇಲ್ ಸುತ್ತುತ್ತಾ ನನಗೆ ಗಟ್ಟಿಯಾದ ಮಾತು ಒಂದೇ. ಬ್ಯಾನರ್ ಹೇಳುವುದು ಅಂಗಡಿಯವರ ಅಗತ್ಯವನ್ನು. ಬಟ್ಟೆಯ ವಿಷಯ ತಿಳಿಯಬೇಕಾದರೆ ಬಟ್ಟೆಯನ್ನೇ ಮಗುಚಿ ನೋಡಬೇಕು. ಕೈಯಲ್ಲಿ ಹಿಡಿದು ನೋಡಲು ಬಂದರೆ ಈ ತಿಂಗಳಷ್ಟು ಒಳ್ಳೆಯ ತಿಂಗಳು ಇನ್ನೊಂದಿಲ್ಲ. ನೋಡಲು ಬಾರದಿದ್ದರೆ ಮನೆಯ ಬೀರು ತುಂಬುತ್ತದೆ, ಉಡಲು ಮಾತ್ರ ಒಂದೂ ಇರುವುದಿಲ್ಲ.

ಮೊದಲು ಮನೆಯ ಬೀರು ತೆಗೆಯಿರಿ

ಅಂಗಡಿಗೆ ಹೋಗುವ ಹಿಂದಿನ ದಿನ ಸೀರೆಗಳನ್ನೆಲ್ಲ ಮಂಚದ ಮೇಲೆ ಹಾಕಿ. ಕುರ್ತಾ, ಶರ್ಟ್, ಮಕ್ಕಳ ಬಟ್ಟೆ ಎಲ್ಲ. ಯಾವ ಬಣ್ಣ ಮೂರು ಮೂರು ಇದೆ, ಯಾವುದು ಒಂದೂ ಇಲ್ಲ ಎಂದು ಆಗಲೇ ತಿಳಿಯುತ್ತದೆ. ಆಮೇಲೆ ಒಂದು ಚೀಟಿಯಲ್ಲಿ ಬರೆಯಿರಿ: ಯಾರಿಗೆ, ಯಾವ ಸಂದರ್ಭಕ್ಕೆ, ಎಷ್ಟರೊಳಗೆ. ಉಡುಗೊರೆಗೆ ಕೊಡುವ ಸೀರೆಗಳನ್ನು ಬೇರೆಯಾಗಿಯೇ ಬರೆಯಿರಿ, ಏಕೆಂದರೆ ಅವನ್ನು ಕೊಳ್ಳುವ ಅಂಗಡಿಯೇ ಬೇರೆ.

ಮ್ಯಾಚಿಂಗ್ ಬೇಕಾದ ಬಟ್ಟೆ ಇದ್ದರೆ ಅದನ್ನೇ ಚೀಲದಲ್ಲಿ ಹಾಕಿಕೊಳ್ಳಿ. ಫೋನಿನಲ್ಲಿ ತೆಗೆದ ಫೋಟೋದ ಬಣ್ಣ ನಂಬಬೇಡಿ. ರಾಮಾ ಗ್ರೀನ್ ಫೋಟೋದಲ್ಲಿ ನೀಲಿಯಾಗುತ್ತದೆ, ಮೆರೂನ್ ಕಂದಾಗುತ್ತದೆ.

ಸ್ವಲ್ಪ ನಗದು ಇರಲಿ. 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳು ಯುಪಿಐ ಬೇಡ ಎಂದು ಚೀಟಿ ಅಂಟಿಸಿದ್ದು ನೆನಪಿದೆಯಲ್ಲ. ಗಲ್ಲಿಯೊಳಗಿನ ಲೇಸು, ಗುಂಡಿ ಅಂಗಡಿಯಲ್ಲಿ ನಗದು ಈಗಲೂ ಉಪಯೋಗಕ್ಕೆ ಬರುತ್ತದೆ.

ಯಾವ ಪೇಟೆಗೆ ಯಾವ ಕೆಲಸಕ್ಕೆ

ಒಂದೇ ದಿನ ಊರೆಲ್ಲ ಸುತ್ತುವ ಆಸೆ ಬಿಡಿ. ಕೆಲಸ ನೋಡಿ ಜಾಗ ಆರಿಸಿ.

ಸೀರೆಗೆ ಚಿಕ್ಕಪೇಟೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ನಡುಮನೆ ಇದು. ಅವೆನ್ಯೂ ರಸ್ತೆಯೇ ಹಳೆಯ ದೊಡ್ಡಪೇಟೆ, ಅದನ್ನು ಅಡ್ಡ ಹಾಯುವುದು ಚಿಕ್ಕಪೇಟೆ. ಹಸಿರು ಮಾರ್ಗದ ಮೆಟ್ರೊ 2017ರಲ್ಲಿ ಬಂದ ಮೇಲೆ ಇಲ್ಲಿಗೆ ಹೋಗುವ ಕಷ್ಟ ಅರ್ಧ ಕಡಿಮೆಯಾಯಿತು. ಕಾರು ತರಲೇಬೇಡಿ. ಬೆಳಿಗ್ಗೆ 11ರ ಹೊತ್ತಿಗೆ ತಲುಪಿ. ಸಗಟು ಅಂಗಡಿಗಳು ಬಹುಪಾಲು ಭಾನುವಾರ ಮುಚ್ಚಿರುತ್ತವೆ, ವಾರದ ನಡುವಿನ ದಿನ ಒಳ್ಳೆಯದು. ಉಡುಗೊರೆಗೆ ಐದಾರು ಸೀರೆ ಒಟ್ಟಿಗೆ ಕೊಳ್ಳುವವರಿಗೆ ಇಲ್ಲಿ ಸಿಗುವ ರೇಟು ಬೇರೆಲ್ಲೂ ಸಿಗದು. ಮಹಡಿ ಮೇಲಿನ ಅಂಗಡಿಗಳನ್ನೂ ಹತ್ತಿ ನೋಡಿ. ರಸ್ತೆಗೆ ಮುಖ ಮಾಡಿದ ಅಂಗಡಿಗಿಂತ ಮೇಲಿನವರು ನಿಧಾನವಾಗಿ ತೋರಿಸುತ್ತಾರೆ.

ಲೇಸು, ಗುಂಡಿ, ಲೈನಿಂಗ್‌ಗೆ ನಗರ್ತಪೇಟೆ. ದಂಡು ಪ್ರದೇಶದ ಕಡೆಯವರಿಗೆ ಅದೇ ಕೆಲಸಕ್ಕೆ ಇಬ್ರಾಹಿಂ ಸಾಹೇಬ್ ಬೀದಿ. ಅದರ ಹತ್ತಿರವೇ ಇರುವ ಕಮರ್ಷಿಯಲ್ ಸ್ಟ್ರೀಟ್ ರೆಡಿಮೇಡ್, ಚಪ್ಪಲಿ, ಕಿವಿಯೋಲೆ ಎಲ್ಲಕ್ಕೂ ಆಗುತ್ತದೆ. ಇಂದು ದೇಶದ ತುಂಬ ಇರುವ ವೆಸ್ಟ್‌ಸೈಡ್‌ನ ಬೇರು ಇದೇ ರಸ್ತೆಯಲ್ಲಿದೆ. ಇಲ್ಲಿದ್ದ ಲಿಟಲ್‌ವುಡ್ಸ್ ಅಂಗಡಿಯನ್ನು 1998ರಲ್ಲಿ ಟಾಟಾದವರ ಟ್ರೆಂಟ್ ಕೊಂಡ ಮೇಲೆ ಆ ಹೆಸರು ಶುರುವಾಯಿತು.

ಜಯನಗರ 4ನೇ ಬ್ಲಾಕ್, ಮಲ್ಲೇಶ್ವರ 8ನೇ ಕ್ರಾಸ್ ದಿನದ ಉಡುಗೆಗೆ ಸಾಕು. ಎರಡಕ್ಕೂ ಮೆಟ್ರೊ ಇದೆ.

ಬಾಗಿಲ ಬೆಳಕಿನಲ್ಲಿ ಸೀರೆ

ಚಿಕ್ಕಪೇಟೆಯ ಹಳೆಯ ಅಂಗಡಿಗಳಲ್ಲಿ ಇನ್ನೂ ಬಿಳಿ ಹಾಸಿನ ಗಾದಿ ಇದೆ. ಚಪ್ಪಲಿ ಬಿಟ್ಟು ಮೇಲೆ ಕೂರಬೇಕು. "ಬನ್ನಿ ಅಮ್ಮಾ, ಕೂತ್ಕೊಳ್ಳಿ. ಸುಮ್ನೆ ನೋಡಿ, ತಗೊಳ್ಳಲೇಬೇಕು ಅಂತೇನಿಲ್ಲ" ಅನ್ನುತ್ತಾ ಅವರು ಒಂದರ ಮೇಲೊಂದು ಬಿಚ್ಚಿ ಹಾಸುತ್ತಾರೆ. ಹತ್ತು ನಿಮಿಷದಲ್ಲಿ ಮುಂದೆ ರಾಶಿ. ಕಣ್ಣು ಸೋಲುತ್ತದೆ.

ಅಮ್ಮ ಆಗ ಏನು ಮಾಡುತ್ತಾರೆಂದರೆ, ರಾಶಿಯಿಂದ ಎರಡೇ ಎರಡು ತೆಗೆದು ಪಕ್ಕಕ್ಕೆ ಇಡುತ್ತಾರೆ. "ಅಣ್ಣಾ, ಉಳಿದದ್ದು ಮಡಚಿಬಿಡಿ. ಇವೆರಡನ್ನ ಬಾಗಿಲ ಹತ್ರ ತನ್ನಿ" ಅನ್ನುತ್ತಾರೆ. ಅಂಗಡಿಯೊಳಗಿನ ಎಲ್‌ಇಡಿ ಬೆಳಕಿನಲ್ಲಿ ಎಲ್ಲ ಬಣ್ಣವೂ ಮಿಂಚುತ್ತದೆ. ಬಾಗಿಲ ಬಿಸಿಲಿಗೆ ಬಂದ ಮೇಲೆ ನಿಜ ಬಣ್ಣ. ಒಂದು ಸಲ ಒಳಗೆ ಅರಿಶಿನದ ಹಾಗಿದ್ದ ಸೀರೆ ಹೊರಗೆ ಹಸಿರು ಹಳದಿಯಾಗಿ ಕಂಡಿತು. ಬೇಡ ಅಂದೆವು. ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ. ಹೀಗೆ ನೋಡುವವರು ಕೊಳ್ಳುವವರೇ ಎಂದು ಅವರಿಗೂ ಗೊತ್ತು.

ಬೆಳಕಿಗೆ ತಂದ ಮೇಲೆ ಈ ಕ್ರಮದಲ್ಲಿ ನೋಡಿ.

ಸೀರೆಯನ್ನು ಪೂರ್ತಿ ಬಿಚ್ಚಿಸಿ. ಸೆರಗು ಮಾತ್ರ ನೋಡಿ ಕೊಳ್ಳಬೇಡಿ. ಸೇಲ್ ಮಾಲಿನಲ್ಲಿ ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿರುತ್ತದೆ, ಕೆಲವು ಕಡೆ ಎಳೆ ಸವೆದಿರುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇದ್ದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಉದ್ದವನ್ನೂ ಅಳೆಸಿ. ಐದೂವರೆ ಮೀಟರ್ ಸೀರೆ, ಮುಕ್ಕಾಲು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬ್ಲೌಸ್ ಪೀಸ್ ಇದ್ದರೆ ಸರಿ.

ಹಿಂಬದಿ ತಿರುಗಿಸಿ. ಅಂಚಿನ ಮತ್ತು ಬುಟ್ಟಾದ ಹಿಂದೆ ಎಳೆಗಳು ಹೇಗಿವೆ ನೋಡಿ. ಉದ್ದುದ್ದ ಜೋತಾಡುತ್ತಿದ್ದರೆ ಬಳೆಗೆ, ಕಾಲುಂಗುರಕ್ಕೆ ಸಿಕ್ಕಿಕೊಳ್ಳುತ್ತವೆ. ಕೈಮಗ್ಗದ ಬಟ್ಟೆಯಾದರೆ ಎರಡೂ ಅಂಚಿನ ಕೊನೆಯಲ್ಲಿ ಸಣ್ಣ ಸೂಜಿ ತೂತುಗಳು ಕಾಣುವುದುಂಟು. ನೇಯುವಾಗ ಬಟ್ಟೆ ಅಗಲವಾಗಿ ನಿಲ್ಲಲು ಮೊಳೆ ಇರುವ ಪಟ್ಟಿಯನ್ನು ಸಿಕ್ಕಿಸಿರುತ್ತಾರೆ, ಅದರ ಗುರುತು ಅದು. ಕೈಮಗ್ಗದಲ್ಲಿ ಹೊಕ್ಕು, ಅಂದರೆ ಅಡ್ಡ ಎಳೆ, ಅಲ್ಲಲ್ಲಿ ಒಂದಿಷ್ಟು ಏರುಪೇರು ಇರುತ್ತದೆ. ಅದು ದೋಷವಲ್ಲ.

ರೇಷ್ಮೆ ಅಂದರೆ ಸಿಲ್ಕ್ ಮಾರ್ಕ್ ಕೇಳಿ. ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಅದರ ಆಶ್ರಯದಲ್ಲಿ 2004ರಲ್ಲಿ ಶುರುವಾದ ಗುರುತು ಇದು. ಚೀಟಿಯಲ್ಲಿ ಹೊಲೊಗ್ರಾಂ, ಸಂಖ್ಯೆ ಇರುತ್ತವೆ. ಒಂದು ಮಾತು ಗಮನಿಸಿ. ಈ ಗುರುತು ರೇಷ್ಮೆ ಶುದ್ಧ ಎಂದು ಹೇಳುತ್ತದೆ, ಕೈಮಗ್ಗ ಎಂದು ಹೇಳುವುದಿಲ್ಲ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ ಇದೆ. ಪವರ್‌ಲೂಮ್‌ನಲ್ಲಿ ನೇಯ್ದ ಶುದ್ಧ ರೇಷ್ಮೆಯೂ ಇದೆ, ಕೈಮಗ್ಗದಲ್ಲಿ ನೇಯ್ದ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ, ಕೂಡ ಇದೆ. ಬೆಲೆ ಹೇಳುವಾಗ ಎರಡನ್ನೂ ಕಲಸಿಬಿಡುತ್ತಾರೆ. ನೀವು ಬಿಡಿಸಿ ಕೇಳಿ: "ದಾರ ಯಾವುದು? ಮಗ್ಗ ಯಾವುದು?"

ಸೆರಗಿನ ತುದಿಯ ಎಳೆ ಒಂದೆರಡು ಕೊಡಿ ಎಂದು ಕೇಳಬಹುದು. ಸುಟ್ಟರೆ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಅಂಗಡಿಯೊಳಗೆ ಬೆಂಕಿ ಹಚ್ಚಬೇಡಿ, ಹೊರಗೆ ಬಂದು ಮಾಡಿ.

ಜರಿ ವಿಷಯ ಇನ್ನೂ ಸೂಕ್ಷ್ಮ. ಅಸಲಿ ಜರಿ ಅಂದರೆ ರೇಷ್ಮೆ ಎಳೆಯ ಸುತ್ತ ಬೆಳ್ಳಿ, ಅದರ ಮೇಲೆ ಚಿನ್ನದ ಲೇಪ. ಉಜ್ಜಿದರೆ ಒಳಗೆ ಸಾಮಾನ್ಯವಾಗಿ ಕೆಂಪು ರೇಷ್ಮೆ ಎಳೆ ಕಾಣುತ್ತದೆ. ಟೆಸ್ಟೆಡ್ ಜರಿಯಲ್ಲಿ ತಾಮ್ರ ಜಾಸ್ತಿ, ದಿನ ಕಳೆದಂತೆ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಜರಿ ಕಪ್ಪಾಗುವುದಿಲ್ಲ, ಆದರೆ ಮೈಗೆ ಚುಚ್ಚುತ್ತದೆ. ವರ್ಷಕ್ಕೆರಡು ಸಲ ಉಡುವ ಸೀರೆಗೆ ಟೆಸ್ಟೆಡ್ ಜರಿ ತಪ್ಪೇನಲ್ಲ. ಅಸಲಿಯ ಬೆಲೆ ಕೊಟ್ಟು ಅದನ್ನು ತರುವುದು ತಪ್ಪು.

ಸೇಲ್ ಇಲ್ಲದಿದ್ದರೂ ಹೋಗಬೇಕಾದ ಕಡೆ

ನನ್ನ ಮನಸ್ಸಿಗೆ ಹತ್ತಿರದ ಭಾಗ ಇದು. ಬ್ಯಾನರ್ ಇಲ್ಲದ ಕೆಲವು ಅಂಗಡಿಗಳಿವೆ.

ಮೈಸೂರು ಸಿಲ್ಕ್ ಬೇಕಾದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಮಳಿಗೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಯ ಸೀರೆ ಇದು. ಒಡಲು ಸಾದಾ, ಕ್ರೇಪ್‌ನ ಜಾರುವ ಮೆದು, ಅಂಚಿಗೆ ಜರಿ. ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ. ಪ್ರತಿ ಸೀರೆಗೂ ಕಸೂತಿ ಹಾಕಿದ ಸಂಖ್ಯೆ, ಹೊಲೊಗ್ರಾಂ ಇರುತ್ತವೆ, ಅದನ್ನು ನೋಡಿಯೇ ಕೊಳ್ಳಿ. ಬೇಡಿಕೆಗೆ ತಕ್ಕಷ್ಟು ಸೀರೆ ತಯಾರಾಗದೆ ಈಚೆಗೆ ಬಾಗಿಲು ತೆರೆಯುವ ಮುಂಚೆಯೇ ಸಾಲು ನಿಲ್ಲುತ್ತದೆ, ಒಬ್ಬರಿಗೆ ಒಂದೇ ಎಂಬ ನಿಯಮವೂ ಬಂದಿದೆ. ಇಂತಹದೇ ಬಣ್ಣ ಬೇಕು ಎಂದು ಹೋದರೆ ನಿರಾಸೆಯಾಗಬಹುದು. ಮೂರು ಬಣ್ಣ ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಬೇರೆ ಅಂಗಡಿಗಳಲ್ಲಿ ಮೈಸೂರು ಸಿಲ್ಕ್ ಎಂದು ತೋರಿಸುವ ಕ್ರೇಪ್ ಸೀರೆ ನೋಡಲು ಚೆನ್ನಾಗಿಯೇ ಇರಬಹುದು. ಆದರೆ ಅದು ಇದಲ್ಲ, ಅದಕ್ಕೆ ಇದರ ಬೆಲೆ ಕೊಡಬೇಡಿ.

ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಲ್ಲಿ ಇಳಕಲ್, ಮೊಳಕಾಲ್ಮೂರು ಸೀರೆಗಳು, ಹಾಸಿಗೆ ಹೊದಿಕೆ, ಟವೆಲ್ ಸಿಗುತ್ತವೆ. ಅಲಂಕಾರ ಕಡಿಮೆ, ಯಾರೂ ಹಿಂದೆ ಬಿದ್ದು ತೋರಿಸುವುದಿಲ್ಲ. ನೀವೇ ಕೇಳಿ ತೆಗೆಸಬೇಕು.

ಇಳಕಲ್ ಸೀರೆಯನ್ನು ಹತ್ತಿರದಿಂದ ನೋಡಿದ್ದೀರಾ? ಸೆರಗು ಒಡಲಿಗೆ ಸೇರುವ ಜಾಗಕ್ಕೆ ಬೆರಳಿಡಿ. ಒಡಲಿನ ಹಾಸು (ಉದ್ದದ ಎಳೆ) ಬೇರೆ, ಸೆರಗಿನ ಹಾಸು ಬೇರೆ. ನೇಯುವ ಮುಂಚೆ ಒಂದೊಂದು ಎಳೆಯ ಕುಣಿಕೆಯನ್ನು ಇನ್ನೊಂದರೊಳಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಸಾಲು ಬೆರಳಿಗೆ ಸಣ್ಣ ಏಣಿನಂತೆ ಸಿಗುತ್ತದೆ. ಕೆಂಪು ಸೆರಗಿನಲ್ಲಿ ಬಿಳಿಯ ತೆನೆ, ಹಣಿಗೆಯ ಹಲ್ಲು, ಕೋಟೆಯ ಗೋಡೆ. ಇದೇ ತೋಪುತೆನಿ ಸೆರಗು. ಯಂತ್ರದಲ್ಲಿ ಅಚ್ಚು ಹಾಕಿದ ನಕಲಿನಲ್ಲಿ ಆ ಕೊಂಡಿಯ ಸಾಲು ಇರುವುದಿಲ್ಲ. ನಾನು ಮೊದಲ ಸಲ ಹೀಗೆ ಬೆರಳಿಟ್ಟು ನೋಡಿದ ಮೇಲೆ ಇಳಕಲ್ ಸೀರೆಯ ಬೆಲೆ ಕೇಳಿ ಚೌಕಾಸಿ ಮಾಡುವುದನ್ನು ಬಿಟ್ಟೆ. ಜೊತೆಗೆ ಗುಳೇದಗುಡ್ಡದ ಖಣ ಕೊಂಡರೆ ಕುಪ್ಪಸಕ್ಕೂ ಆಯಿತು.

ಹತ್ತಿಯ ಕುರ್ತಾ, ಜುಬ್ಬಾ, ಶರ್ಟ್ ಹುಡುಕುವವರು ದೇಸಿ ಮಳಿಗೆಗೆ ಹೋಗಿ. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘದ ಬಟ್ಟೆ ಅಲ್ಲಿದೆ. ಅಡಿಕೆ ಚೊಗರಿನ ಕಂದು ಬಣ್ಣ, ದಾಳಿಂಬೆ ಸಿಪ್ಪೆಯ ಹಳದಿ. ಮೊದಲೆರಡು ಸಲ ಬೇರೆಯಾಗಿ ತೊಳೆದು ನೆರಳಲ್ಲಿ ಒಣಗಿಸಿ.

ಇನ್ನು ಪ್ರದರ್ಶನಗಳು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ, ಇನ್‌ಫೆಂಟ್ರಿ ರಸ್ತೆಯ ಸಫೀನಾ ಪ್ಲಾಜಾದಲ್ಲಿ ವರ್ಷವಿಡೀ ಕೈಮಗ್ಗ, ಕರಕುಶಲ ಮೇಳ ನಡೆಯುತ್ತಲೇ ಇರುತ್ತವೆ. ಅಲ್ಲಿ ಮಾರುವವರನ್ನು "ನೀವೇ ನೇಯ್ತೀರಾ?" ಎಂದು ಕೇಳಿ. ನೇಯುವವರಾದರೆ ಮಗ್ಗದ ಕತೆ ತಾನಾಗೇ ಬರುತ್ತದೆ. ತಂದು ಮಾರುವವರಾದರೆ ಮಾತು ಬೆಲೆಗೆ ಹೊರಳುತ್ತದೆ. ಕೊನೆಯ ದಿನ ಸಂಜೆ ಹೋದರೆ ಬೆಲೆ ಇಳಿಯುತ್ತದೆ, ಮೊದಲ ದಿನ ಹೋದರೆ ಒಳ್ಳೆಯದು ಸಿಗುತ್ತದೆ. ನಾನು ಮೊದಲ ದಿನವೇ ಹೋಗುತ್ತೇನೆ.

ಬ್ರ್ಯಾಂಡ್ ಬಟ್ಟೆ ಮತ್ತು ಎಕ್ಸ್‌ಪೋರ್ಟ್ ಸರ್ಪ್ಲಸ್

ನಾವು ಫಾರಿನ್ ಬ್ರ್ಯಾಂಡ್ ಎಂದುಕೊಂಡ ಎಷ್ಟೋ ಶರ್ಟುಗಳ ವ್ಯವಹಾರ ಬೆಂಗಳೂರಿನಿಂದಲೇ ನಡೆಯುತ್ತದೆ. ಲೂಯಿ ಫಿಲಿಪ್, ವ್ಯಾನ್ ಹ್ಯೂಸನ್, ಅಲೆನ್ ಸೊಲಿ ಮಾರುವ ಮದುರಾ ಇಲ್ಲಿಯದು. ಆ ವ್ಯಾಪಾರ 2025ರಲ್ಲಿ ಆದಿತ್ಯ ಬಿರ್ಲಾ ಲೈಫ್‌ಸ್ಟೈಲ್ ಬ್ರ್ಯಾಂಡ್ಸ್ ಎಂಬ ಬೇರೆ ಕಂಪನಿಯಾಗಿ ಷೇರುಪೇಟೆಗೂ ಬಂತು. ಜಾಕಿ ಒಳ ಉಡುಪು ತಯಾರಿಸುವ ಪೇಜ್ ಇಂಡಸ್ಟ್ರೀಸ್, ಆರೋ ಶರ್ಟಿನ ಅರವಿಂದ್ ಫ್ಯಾಶನ್ಸ್, 2007ರಲ್ಲಿ ಹುಟ್ಟಿದ ಮಿಂತ್ರಾ, ಟೈಟನ್‌ನವರು 2017ರಲ್ಲಿ ಶುರು ಮಾಡಿದ ತನೈರಾ ಸೀರೆ ಮಳಿಗೆ, ಎಲ್ಲ ಇಲ್ಲೇ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೊರದೇಶಕ್ಕೆ ಹೋಗುವ ಬಟ್ಟೆ ಹೊಲಿಯುತ್ತಾರೆ. ಹೀಗಾಗಿ ಮಿಕ್ಕ ಮಾಲು, ಹಳೆಯ ಸೀಸನ್ ಮಾಲು ಈ ಊರಿನಲ್ಲೇ ಜಾಸ್ತಿ ಸಿಗುತ್ತದೆ. ಮಾರತಹಳ್ಳಿಯ ಫ್ಯಾಕ್ಟರಿ ಔಟ್‌ಲೆಟ್‌ಗಳಿಗೆ ಹೆಸರು ಬಂದದ್ದು ಅದಕ್ಕೇ.

ಔಟ್‌ಲೆಟ್‌ನಲ್ಲಿ ಮೊದಲು ಟ್ಯಾಗ್ ಓದಿ. ಹೆಚ್ಚಿನವುಗಳಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಮೂರು ವರ್ಷ ಹಳೆಯ ಮಾಲಾದರೆ ಸೊಂಟದ ಎಲಾಸ್ಟಿಕ್ ಎಳೆದು ನೋಡಿ, ಶೂ ಆದರೆ ಅಡಿ ಬಗ್ಗಿಸಿ ನೋಡಿ. ಗೋಂದು ಬಿಟ್ಟಿರುತ್ತದೆ.

ಸರ್ಪ್ಲಸ್ ಅಂಗಡಿಯಲ್ಲಿ ಲೇಬಲ್ ಕತ್ತರಿಸಿರುವುದು ಮಾಮೂಲು. ಅದರಿಂದಲೇ ಅಸಲಿ ಎಂದು ಅಂದುಕೊಳ್ಳಬೇಡಿ, ಯಾರು ಬೇಕಾದರೂ ಲೇಬಲ್ ಕತ್ತರಿಸಬಹುದು. ಹೊಲಿಗೆ ನೋಡಿ. ಕಂಕುಳಿನ ಕೂಡು, ಜಿಪ್, ಕಾಲರ್ ತುದಿ. ಎರಡು ತೋಳನ್ನೂ ಪಕ್ಕಪಕ್ಕ ಹಿಡಿದರೆ ಬಣ್ಣದಲ್ಲಿ ಛಾಯೆಯ ವ್ಯತ್ಯಾಸ ಇದ್ದರೆ ತಿಳಿಯುತ್ತದೆ. ಅಂಥದ್ದೇ ತಿರಸ್ಕಾರವಾಗಿ ಉಳಿದಿರುತ್ತದೆ. ಬಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿಯಿರಿ, ಸೂಜಿ ತೂತು ಕಾಣುತ್ತದೆ. ಸೈಜು ನಂಬದೆ ಹಾಕಿ ನೋಡಿ, ಬೇರೆ ದೇಶದ ಎಂ ನಮ್ಮ ಎಕ್ಸ್‌ಎಲ್ ಆಗಿರಬಹುದು.

ಲೆಕ್ಕ ಮತ್ತು ಬಿಲ್

"50+20" ಎಂದು ಬರೆದಿದ್ದರೆ ಅದು ಶೇ 70 ಅಲ್ಲ. ₹3,000ದ ಬಟ್ಟೆ ಮೊದಲು ₹1,500 ಆಗುತ್ತದೆ, ಅದರಲ್ಲಿ ಶೇ 20 ಕಳೆದರೆ ₹1,200. ಒಟ್ಟು ಇಳಿದದ್ದು ಶೇ 60. ಆಷಾಢಕ್ಕೆ ಎರಡು ವಾರ ಮುಂಚೆ ಒಮ್ಮೆ ಹೋಗಿ ಬೇಕಾದ ಸೀರೆಯ ಬೆಲೆ ಬರೆದುಕೊಂಡು ಬಂದರೆ ರಿಯಾಯಿತಿ ಎಷ್ಟು ನಿಜ ಎಂದು ತಾನಾಗೇ ಗೊತ್ತಾಗುತ್ತದೆ.

ಎಂಆರ್‌ಪಿ ಅಂದರೆ ತೆರಿಗೆ ಎಲ್ಲ ಸೇರಿದ ಗರಿಷ್ಠ ಬೆಲೆ. 2025ರ ಸೆಪ್ಟೆಂಬರ್ 22ರಿಂದ ಒಂದು ರೆಡಿಮೇಡ್ ಉಡುಪಿಗೆ ₹2,500ರವರೆಗೆ ಶೇ 5, ಅದನ್ನು ಮೀರಿದರೆ ಶೇ 18 ಜಿಎಸ್‌ಟಿ. ಎಂಆರ್‌ಪಿ ಮೇಲೆ ರಿಯಾಯಿತಿ ಎಂದು ಹೇಳಿ ಕೌಂಟರ್‌ನಲ್ಲಿ ತೆರಿಗೆ ಬೇರೆ ಸೇರಿಸಿದರೆ ಅಲ್ಲೇ ಕೇಳಿ.

ಬಿಲ್ ಇಲ್ಲದೆ ಹೊರಬರಬೇಡಿ. ಇದನ್ನು ನಾನು ನೊಂದು ಕಲಿತೆ. ಚಿಕ್ಕಮ್ಮನ ಮಗಳ ಮದುವೆಗೆ ಒಂದು ಅಂಗಡಿಯಲ್ಲಿ ಪ್ಯೂರ್ ಸಿಲ್ಕ್ ಎಂದು ಸೀರೆ ಕೊಂಡೆವು. ಬಿಲ್ ಬೇಡವೆಂದರೆ ಇನ್ನೂ ₹500 ಕಡಿಮೆ ಅಂದರು. ಒಪ್ಪಿಕೊಂಡೆವು. ಮನೆಗೆ ಬಂದು ತುದಿಯ ಎಳೆ ಸುಟ್ಟರೆ ಕರಗಿ ಕಪ್ಪು ಗುಂಡಾಯಿತು. ವಾಪಸ್ ಹೋದೆವು. ಇಲ್ಲಿ ಕೊಂಡದ್ದು ಎನ್ನಲು ನಮ್ಮ ಕೈಯಲ್ಲಿ ಏನಿತ್ತು? ಮದುವೆ ದಿನ ಅವಳು ಆ ಸೀರೆ ಉಟ್ಟು ಮಂಟಪದಲ್ಲಿ ಓಡಾಡುವಾಗ ನನಗೆ ಮುಖ ಕೊಟ್ಟು ಮಾತಾಡಲಾಗಲಿಲ್ಲ.

ಬಿಲ್‌ನಲ್ಲಿ "ಸೀರೆ 1" ಎಂದು ಬರೆದರೆ ಸಾಲದು. "ಶುದ್ಧ ರೇಷ್ಮೆ", "ಕೈಮಗ್ಗ" ಎಂದು ಬರೆಸಿ. ಮಾರಿದ ಮಾಲು ವಾಪಸ್ ಇಲ್ಲ ಎಂಬ ಬೋರ್ಡ್ ನೋಡಿ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ಒಲ್ಲೆ ಎನ್ನುವುದು ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಹಾಗೆಯೇ. ಮನಸ್ಸು ಬದಲಾಯಿತು ಎಂದರೆ ಮಾತ್ರ ಅಂಗಡಿಯ ನಿಯಮವೇ ನಡೆಯುತ್ತದೆ. ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಮನೆಗೆ ತಂದ ಮೇಲೆ

ಸೀರೆ ತಂದ ದಿನವೇ ಪ್ಲಾಸ್ಟಿಕ್ ಕವರ್‌ನಿಂದ ತೆಗೆದು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ. ಪ್ಲಾಸ್ಟಿಕ್‌ನಲ್ಲಿ ಜರಿ ಬೇಗ ಕಪ್ಪಾಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಟೈಲರ್ ಹತ್ತಿರ ಹೋಗುವುದನ್ನು ಮುಂದೂಡಬೇಡಿ. ಶ್ರಾವಣ ಬಂದರೆ ಎಲ್ಲ ಟೈಲರ್‌ಗಳ ಗೋಡೆಯ ಮೇಲೂ ಬ್ಲೌಸ್‌ಗಳ ಸಾಲು ತೂಗುತ್ತಿರುತ್ತದೆ. ಫಾಲ್, ಪಿಕೊ, ಬ್ಲೌಸ್ ಒಟ್ಟಿಗೇ ಕೊಡಿ. ಬ್ಲೌಸ್ ಪೀಸ್ ಕತ್ತರಿಸುವ ಮುಂಚೆ ಸೀರೆ ಒಮ್ಮೆ ಉಟ್ಟು ನೋಡಿ, ಎತ್ತರದವರಿಗೆ, ದಪ್ಪಗಿರುವವರಿಗೆ ನೆರಿಗೆಗೆ ಆ ಮುಕ್ಕಾಲು ಮೀಟರೂ ಬೇಕಾಗಬಹುದು. ಸೆರಗಿಗೆ ಕುಚ್ಚು ಕಟ್ಟುವವರು ಈಗ ಎಲ್ಲ ಬಡಾವಣೆಯಲ್ಲೂ ಇದ್ದಾರೆ, ಬಹುಪಾಲು ಮನೆಯಲ್ಲೇ ಕೂತು ಕೆಲಸ ಮಾಡುವ ಹೆಂಗಸರು. ಒಂದು ಸೆರಗಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಬೇಕಾದರೆ ಮೂರು ವಾರ ಮುಂಚೆಯೇ ಅವರ ಕೈಗೆ ಕೊಡಿ. ಸೀರೆಯ ಅಂಚಿನ ಬಣ್ಣದ ರೇಷ್ಮೆ ದಾರವನ್ನು ನಗರ್ತಪೇಟೆಯಿಂದ ನೀವೇ ತಂದುಕೊಟ್ಟರೆ ಬಣ್ಣ ಕೂಡಿಬರುತ್ತದೆ.